ಏಳು ಪೈಪು, ಒಂದು ಬೆಡ್‌ಶೀಟು

ಡ್ರಾಯಿಂಗ್ ಮೇಷ್ಟ್ರಿಗೆ ಸಿಟ್ಟು ಬಂದದ್ದು ಹೆಂಡತಿ ಕಾರನ್ನು ಗುಜರಿಗೆ ಹಾಕಿ ಎಂದದ್ದಕ್ಕಲ್ಲ. ಆ ಮಾತನ್ನು ಆಕೆ ವರ್ಷಕ್ಕೆ ನಾಲ್ಕು ಸಲ ಹೇಳುತ್ತಿದ್ದಳು. ಈ ಸಲ ಹೇಳುವುದರ ಜೊತೆಗೆ ಗುಜರಿಯವನಿಗೆ ಫೋನೂ ಮಾಡಿಬಿಟ್ಟಿದ್ದಳು.

"ಸಂಜೆ ಐದಕ್ಕೆ ಬರ್ತಾನೆ. ಅಷ್ಟರಲ್ಲಿ ಸ್ಟಾರ್ಟ್ ಆದ್ರೆ ಕಾರ್ ಇರ್ಲಿ. ಆಗ್ಲಿಲ್ಲ ಅಂದ್ರೆ ಆಮೇಲೆ ನನ್ ಹತ್ರ ಮಾತಾಡ್ಬೇಡಿ."

"ಹದಿನೆಂಟು ವರ್ಷ ಸೇವೆ ಮಾಡಿದೆ ಕಣೇ ಅದು! ಇಬ್ಬರು ಮಕ್ಕಳನ್ನೂ ಆಸ್ಪತ್ರೆಯಿಂದ ಮನೆಗೆ ತಂದಿದ್ದು ಅದೇ."

"ಹೌದು, ಮೊನ್ನೆ ಸ್ಕೂಲ್ ಗೇಟಲ್ಲಿ ಉಸಿರು ಬಿಟ್ಟಿದ್ದೂ ಅದೇ. ಮಗಳು ಇಳಿದು, ನೀವ್ಯಾರೋ ಗೊತ್ತೇ ಇಲ್ಲ ಅನ್ನೋ ಹಾಗೆ ನಡ್ಕೊಂಡು ಹೋದ್ಲಂತಲ್ಲ?"

ಆ ಗಾಯಕ್ಕೆ ಉಪ್ಪು ಹಾಕುವ ಅಗತ್ಯವಿರಲಿಲ್ಲ. ಮೇಷ್ಟ್ರು ಹಲ್ಲು ಕಚ್ಚಿ ಕೇಳಿದರು: "ಐದು ಗಂಟೆಗೆ ಕೆಳಗೆ ಬಂದು ನಿನ್ನ ಕಣ್ಣಾರೆ ನೋಡ್ತೀಯಾ ತಾನೇ?"

"ನಾನ್ಯಾಕೆ ಮೆಟ್ಲು ಇಳೀಲಿ? ನಿಮ್ಮ ಕಾರ್ ಸ್ಟಾರ್ಟ್ ಆದ್ರೆ ಈ ಅಡುಗೆಮನೇಲಿ ಸ್ಟ್ಯಾಂಡಲ್ಲಿರೋ ಲೋಟ ಎಲ್ಲಾ ಗಣಗಣ ಅಂತ ಕುಣಿಯತ್ತೆ. ಅಷ್ಟು ಸಾಕು."

ರೋಗ ಏನೆಂದು ಮೇಷ್ಟ್ರಿಗೆ ಗೊತ್ತಿತ್ತು. ಕೆಳಗಿನ ಮನೆಯ ನರ್ಸಕ್ಕ ಹಿಂದಿನ ದಿನವೇ ಬಾನೆಟ್ ಒಳಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದ್ದಳು. ಮೂವತ್ತು ವರ್ಷ ವಾರ್ಡಿನಲ್ಲಿ ಎದೆಬಡಿತ ಎಣಿಸಿ ನಿವೃತ್ತಳಾದ ಹೆಂಗಸು. "ಗೂರಲು ಮೇಷ್ಟ್ರೇ. ಎಲ್ಲೋ ಗಾಳಿ ಸೋರ್ತಿದೆ," ಎಂದಿದ್ದಳು. ನಿಜವೇ. ಇಂಜಿನ್ನು ಗಾಳಿ ಎಳೆದುಕೊಳ್ಳುವ ರಬ್ಬರ್ ಪೈಪುಗಳು, ಬಿಡಿಭಾಗದ ಅಂಗಡಿಯವನ ಮಾತಿನಲ್ಲಿ ವ್ಯಾಕ್ಯೂಮ್ ಪೈಪುಗಳು, ಮುದುಕನ ಹಿಮ್ಮಡಿಯಂತೆ ಬಿರುಕು ಬಿಟ್ಟಿದ್ದವು. ಒಟ್ಟು ಏಳು.

"ಒಂದನ್ನ ತೆಗೀರಿ, ಹೊಸದು ಹಾಕಿ, ಆಮೇಲೆ ಇನ್ನೊಂದು ತೆಗೀರಿ," ಎಂದು ಅಂಗಡಿಯವನು ಫೋನಿನಲ್ಲಿ ಹೇಳಿದ್ದ. ಆದರೆ ಸಿಟ್ಟಿನಲ್ಲಿರುವ ಮನುಷ್ಯ ಒಂದೊಂದಾಗಿ ಏನನ್ನೂ ಮಾಡುವುದಿಲ್ಲ. ಮೇಷ್ಟ್ರು ಏಳನ್ನೂ ಕಳೆ ಕಿತ್ತಂತೆ ಕಿತ್ತರು. ಗುರುತಿನ ಚೀಟಿ ಅಂಟಿಸುವುದು ಚಿತ್ರಕಾರನಿಗೆ ಅವಮಾನ. ಒಗೆದ ಬಟ್ಟೆಗಳ ರಾಶಿಯಿಂದ ಕೈಗೆ ಸಿಕ್ಕ ಬಿಳಿ ಬೆಡ್‌ಶೀಟೊಂದನ್ನು ಕಾರಿನ ಪಕ್ಕ ನೆಲಕ್ಕೆ ಹಾಸಿ, ಇಂಜಿನ್ನಿನಲ್ಲಿ ಯಾವುದು ಎಲ್ಲಿತ್ತೋ ಹಾಗೆಯೇ, ಅದೇ ಬಾಗು, ಅದೇ ತಿರುವಿನಲ್ಲಿ ಜೋಡಿಸಿಟ್ಟರು. ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡಿ ಮೆಚ್ಚಿಕೊಂಡರು. ಅಳತೆ ಬರೆದುಕೊಂಡು ಹೊಸ ಪೈಪು ತರಲು ಹೊರಟರು.

ಒಂದೂವರೆ ಗಂಟೆ ಬಿಟ್ಟು ಬಂದಾಗ ನೆಲ ಲಕಲಕ ಎನ್ನುತ್ತಿತ್ತು. ಬೆಡ್‌ಶೀಟು ನಾಲ್ಕು ಮಡಿಕೆಯಾಗಿ ಬಾನೆಟ್ ಮೇಲೆ ಕೂತಿತ್ತು. ಅದರ ಪಕ್ಕ ಏಳು ಪೈಪುಗಳು ಗಿಡ್ಡದರಿಂದ ಉದ್ದದವರೆಗೆ ಪ್ರಾರ್ಥನೆಗೆ ನಿಂತ ಶಾಲೆಯ ಮಕ್ಕಳಂತೆ ಸಾಲಾಗಿ ಮಲಗಿದ್ದವು. ಒಂದೊಂದಕ್ಕೂ ದಾರ ಕಟ್ಟಿದ ಚೀಟಿ: ಒಂದು, ಎರಡು, ಮೂರು...

"ಯಾರ್ರೀ ಇದು ಮಾಡಿದ್ದು?"

"ನಾನೇ," ಎಂದು ಕುರ್ಚಿಯಿಂದ ಎದ್ದರು ಅದೇ ಕಟ್ಟಡದ ಲೈಬ್ರರಿ ತಾತ. ಪುಸ್ತಕ ಜೋಡಿಸುವ ಕೆಲಸದಿಂದ ನಿವೃತ್ತರಾಗಿ ಹತ್ತು ವರ್ಷವಾದರೂ ಕೈ ಸುಮ್ಮನಿರದ ಮನುಷ್ಯ. "ಚೆಲ್ಲಾಪಿಲ್ಲಿಯಾಗಿ ಬಿದ್ದಿತ್ತು, ಪಾಪ. ಈಗ ನೋಡಿ, ಕತ್ತಲಲ್ಲಿ ಬೇಕಾದ್ರೂ ಹುಡುಕ್ಬೋದು."

"ಹುಡುಕೋದಲ್ಲ ತಾತ, ಯಾವುದು ಎಲ್ಲಿಗೆ ಅಂತ ಗೊತ್ತಾಗ್ಬೇಕು! ಅದು ಚೆಲ್ಲಾಪಿಲ್ಲಿ ಅಲ್ಲ, ಚಿತ್ರ!"

"ಚಿತ್ರ ಅಂತ ಕೆಳಗೆ ಬರೆದಿರ್ಬೇಕಿತ್ತಪ್ಪ," ಎಂದರು ತಾತ, ತಪ್ಪೆಲ್ಲ ಬರೆಯದವರದೇ ಎಂಬಂತೆ.

ಮೇಷ್ಟ್ರ ಮೈ ಉರಿದುಹೋಯಿತು. ತೋಳ ಬಿದ್ದರೆ ಆಳಿಗೊಂದು ಕಲ್ಲು ಅಂತಾರಲ್ಲ, ಇಲ್ಲಿ ಪ್ರೀತಿಯಿಂದಲೇ ಎಸೆಯುತ್ತಿದ್ದಾರೆ! ಗಂಟೆ ಎರಡೂಕಾಲು. ಊಹೆಯ ಮೇಲೆ ಪೈಪು ಸಿಕ್ಕಿಸಿ ಕೀ ತಿರುಗಿಸಿದರು. ಕಾರು ಒಮ್ಮೆ ಬಿಕ್ಕಳಿಸಿ, ಒಮ್ಮೆ ಸೀನಿ, ಮೌನವಾಯಿತು. ಮತ್ತೊಂದು ಊಹೆ. ಈ ಸಲ ಸೀನಲೂ ಇಲ್ಲ. ಬ್ರೇಕಿನ ಪೆಡಲ್ಲು ಕಲ್ಲಾಗಿ ಕೂತಿತು.

ಗಲಾಟೆ ಕೇಳಿ ಬಂದ ನರ್ಸಕ್ಕ ಇಬ್ಬರನ್ನೂ ಪಕ್ಕಕ್ಕೆ ಸರಿಸಿದಳು. "ಕೂಗಾಡಿದ್ರೆ ಪೇಷೆಂಟಿಗೆ ವಾಸಿಯಾಗತ್ತಾ? ಎಲ್ಲಿ, ಆ ಬೆಡ್‌ಶೀಟ್ ಕೊಡಿ, ಕೈ ಒರೆಸ್ಕೋತೀನಿ."

ಅವಳು ಮಡಿಕೆ ಬಿಡಿಸಿದ್ದೇ ಮೇಷ್ಟ್ರು "ಒರೆಸ್ಬೇಡಿ!" ಎಂದು ಕಿರುಚಿದರು. ಹದಿನೆಂಟು ವರ್ಷದ ಎಣ್ಣೆಮಸಿ ಏಳು ಪೈಪುಗಳ ಅಚ್ಚನ್ನು ಬಿಳಿ ಬಟ್ಟೆಯ ಮೇಲೆ ಹಾಗೆಯೇ ಒತ್ತಿತ್ತು. ಚಿತ್ರ ಉಳಿದಿತ್ತು! ಉಳಿದದ್ದು ಒಂದಲ್ಲ, ನಾಲ್ಕು. ತಾತ ನಾಲ್ಕು ಮಡಿಕೆ ಮಾಡಿದ್ದರಿಂದ ಪ್ರತಿ ಮೂಲೆಯಲ್ಲೂ ಒಂದೊಂದು ಇಂಜಿನ್ನು, ಒಂದು ಬಲಕ್ಕೆ, ಒಂದು ಎಡಕ್ಕೆ, ಎರಡು ತಲೆಕೆಳಗೆ.

"ಕಪ್ಪಗೆ ಗಾಢವಾಗಿರೋದು ಮೂಲ, ಉಳಿದವು ನಕಲು," ಎಂದು ನರ್ಸಕ್ಕ ಕ್ಷಣದಲ್ಲಿ ತೀರ್ಮಾನ ಕೊಟ್ಟಳು. ಅವಳು ಬಟ್ಟೆ ಹಿಡಿದು ಓದಿದಳು, ತಾತ ಚೀಟಿಯ ನಂಬರು ಕೂಗಿ ಅದರಳತೆಯ ಹೊಸ ಪೈಪು ಕೊಟ್ಟರು, ಮೇಷ್ಟ್ರು ಸಿಕ್ಕಿಸಿದರು. ದಪ್ಪನೆಯದು ಬ್ರೇಕಿಗೆ, ಸಣ್ಣವು ತಮ್ಮ ತಮ್ಮ ಮೂತಿಗಳಿಗೆ. ಏಳನೆಯದು ಕೂತಾಗ ಐದಕ್ಕೆ ಹತ್ತು ನಿಮಿಷ.

ಮೇಷ್ಟ್ರು ಕೀ ತಿರುಗಿಸಿದರು.

ಹದಿನೆಂಟು ವರ್ಷ ಕೆಮ್ಮಿದ ಕಾರು ಅಂದು ಹಾಲು ಕುಡಿದು ಮಲಗಿದ ಬೆಕ್ಕಿನಂತೆ ಗುರುಗುಟ್ಟಿತು. ಅದೂ ಕಿವಿಯಿಟ್ಟರೆ ಮಾತ್ರ. ನರ್ಸಕ್ಕ ಸ್ಟೆತಾಸ್ಕೋಪ್ ಇಟ್ಟು, "ನಾಡಿ ಚೆನ್ನಾಗಿದೆ," ಎಂದಳು. ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಆರಿಸಿ ಮತ್ತೆ ಹಚ್ಚಿ ನೋಡುವ ಧೈರ್ಯ ಬರಲಿಲ್ಲ.

"ಇಂಜಿನ್ ಓಡ್ತಾ ಇರ್ಲಿ. ಯಾರೂ ಏನೂ ಜೋಡಿಸ್ಬೇಡಿ. ಅವಳನ್ನ ಕೈ ಹಿಡ್ಕೊಂಡು ಕರ್ಕೊಂಡ್ ಬರ್ತೀನಿ!" ಎಂದು ಬೆಡ್‌ಶೀಟನ್ನು ಗೆದ್ದ ಬಾವುಟದಂತೆ ಹೆಗಲಿಗೇರಿಸಿ ಮೆಟ್ಟಿಲು ಹತ್ತಿದರು. ಬೆಳಗ್ಗೆಯಿಂದ ಬಗ್ಗಿ ಸೊಂಟ ಹಿಡಿದಿತ್ತು. ಮಹಡಿಗೊಮ್ಮೆ ನಿಂತು, ಹೇಳಬೇಕಾದ ಮಾತುಗಳನ್ನು ಹರಿತ ಮಾಡಿಕೊಳ್ಳುತ್ತ ಹತ್ತಿದರು.

ಅಡುಗೆಮನೆಯಲ್ಲಿ ಹೆಂಡತಿ ಫೋನ್ ಕೆಳಗಿಡುತ್ತಿದ್ದಳು.

"ಬಾರೇ ಕೆಳಗೆ! ಇನ್ಮೇಲೆ ನನ್ನ ಕಾರಿನ ವಿಷಯ ಎತ್ತಿದ್ರೆ ನೋಡು!"

"ಯಾವ ಕಾರು? ಗುಜರಿಯವನು ಗೇಟಿಂದ ಫೋನ್ ಮಾಡಿದ್ದ. ತಗೊಂಡ್ ಹೋಗಪ್ಪ ಅಂದೆ."

"ತಗೊಂಡ್... ಏನಂದೆ? ಅದು ಸ್ಟಾರ್ಟ್ ಆಗಿದೆ! ಹತ್ತು ನಿಮಿಷದಿಂದ ಓಡ್ತಿದೆ!"

"ಸುಳ್ಳು ಯಾಕ್ರೀ ಹೇಳ್ತೀರಾ? ಮಧ್ಯಾಹ್ನದಿಂದ ಈ ಸ್ಟ್ಯಾಂಡ್ ಮುಂದೇ ನಿಂತಿದೀನಿ. ಒಂದು ಲೋಟ ಅಲುಗಿಲ್ಲ."

ಮೇಷ್ಟ್ರು ಬಾಲ್ಕನಿಗೆ ಹಾರಿದರು. ಕೆಳಗೆ ಗುಜರಿಯವನು ಎಳೆದೊಯ್ಯಲು ತಂದಿದ್ದ ಹಗ್ಗವನ್ನು ಹಿಂದಿನ ಸೀಟಿಗೆ ಎಸೆದು, ಮೇಷ್ಟ್ರ ಕಾರಿನಲ್ಲಿ ಮೇಷ್ಟ್ರ ಜಾಗದಲ್ಲಿ ಕೂತು, ಸದ್ದೇ ಇಲ್ಲದೆ ಗೇಟು ದಾಟುತ್ತಿದ್ದ. ತಾತ ಕೈ ಬೀಸುತ್ತಿದ್ದರು.

"ತಡೀರಿ! ಹಿಡ್ಕೊಳ್ಳಿ ಅವನ್ನ!"

ತಾತ ತಲೆಯೆತ್ತಿ ಖುಷಿಯಿಂದ ಕೂಗಿದರು: "ಮೆಕ್ಯಾನಿಕ್ಕು ಟ್ರಯಲ್ ನೋಡೋಕೆ ಹೋಗಿದಾನೆ ಮೇಷ್ಟ್ರೇ! ನಾನೇ ಬಾಗಿಲು ತೆಗೆದುಕೊಟ್ಟೆ!"

ಹೆಂಡತಿ ಕೆಳಗಿಟ್ಟ ಫೋನ್ ಎತ್ತಿಕೊಂಡು ಮೇಷ್ಟ್ರು ಗುಜರಿಯವನಿಗೆ ಕರೆ ಮಾಡಿದರು. ಅವನು ಬಹಳ ವಿನಯದಿಂದಲೇ ಮಾತಾಡಿದ. "ಒಡೆಯೋದಾ? ಛೆ ಛೆ, ಇಂಥಾ ಗಾಡೀನ ಯಾರಾದ್ರೂ ಒಡೀತಾರಾ ಸಾರ್? ನಾನೇ ಇಟ್ಕೋತೀನಿ. ನನ್ನ ಮಗಳನ್ನ ಸ್ಕೂಲಿಗೆ ಬಿಡೋಕೆ ಆಗತ್ತೆ. ಅಕ್ಕ ಮಾತು ಕೊಟ್ಟಾಗಿದೆ, ಮಾತು ಮಾತೇ." ಫೋನ್ ಕಟ್ಟಾಯಿತು.

ಮೇಷ್ಟ್ರು ಗೋಡೆಗೊರಗಿದರು. ಇಷ್ಟೊಂದು ಅನ್ಯಾಯಕ್ಕೆ ಎಲ್ಲಿಂದ ಬೈಯಲು ಶುರುಮಾಡಬೇಕೆಂದು ತಿಳಿಯದೆ ಬಾಯಿ ತೆರೆದರು. ಅಷ್ಟರಲ್ಲಿ ಹೆಗಲ ಮೇಲಿನ ಬೆಡ್‌ಶೀಟು ಜಾರಿ ನೆಲಕ್ಕೆ ಬಿದ್ದು, ನಾಲ್ಕೂ ಇಂಜಿನ್ನುಗಳನ್ನು ತೋರಿಸುತ್ತ ಹರಡಿಕೊಂಡಿತು.

ಹೆಂಡತಿ ಬಗ್ಗಿ ಅಂಚು ಹಿಡಿದು ನೋಡಿದಳು. ಹೊಲಿಗೆ ನೋಡಿದಳು. ಮತ್ತೊಮ್ಮೆ ನೋಡಿದಳು.

"ಇದು ನನ್ನ ಹೊಸಾ ಬೆಡ್‌ಶೀಟಾ?"

ಎಂದವಳೇ ಅಡುಗೆಕಟ್ಟೆಯ ಮೇಲೆ ಮುಷ್ಟಿಯಿಂದ ಒಂದು ಗುದ್ದು ಗುದ್ದಿದಳು.

ಸ್ಟ್ಯಾಂಡಿನಲ್ಲಿದ್ದ ಲೋಟಗಳೆಲ್ಲ ಗಣಗಣ ಕುಣಿದವು.