ಪಕ್ಕದ ಮನೆಯ ತಂಪು

ಮಲಗುವ ಕೋಣೆಯ ಗಾಳಿಕಿಂಡಿಗೆ ಹೆಂಡತಿ ಒಂದು ಕೆಂಪು ದಾರ ಕಟ್ಟಿದ್ದಳು. ತಂಪು ಗಾಳಿ ಬಂದರೆ ದಾರ ಹಾರಬೇಕು. ಅದು ಸತ್ತ ಹಲ್ಲಿಯ ಬಾಲದ ಹಾಗೆ ನೇತಾಡುತ್ತಿತ್ತು. ಬಾಲ್ಕನಿಯಲ್ಲಿ ಕೂತ ಎಸಿ ಯಂತ್ರವೇನೋ ಬೆಳಗಿನಿಂದ ಗುರುಗುಟ್ಟುತ್ತಲೇ ಇತ್ತು. ಅದಕ್ಕೆ ಇದ್ದದ್ದು ಒಂದೇ ಕೊಳವೆ, ಆ ಕೊಳವೆ ಬರಬೇಕಾದದ್ದು ಈ ಒಂದೇ ಕೋಣೆಗೆ. ಯಂತ್ರ ತಂಪು ಮಾಡುತ್ತಿದ್ದದ್ದೂ ನಿಜ. ಆ ತಂಪು ದಾರಿಯಲ್ಲಿ ಎಲ್ಲಿಗೆ ಇಳಿದುಹೋಗುತ್ತಿದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಮಂಚದ ಮೇಲೆ ಅಂಗಾತ ಬಿದ್ದು ಆ ದಾರವನ್ನೇ ನೋಡುತ್ತಿದ್ದವನನ್ನು ಕಟ್ಟಡದವರೆಲ್ಲ ರಾತ್ರಿಪಾಳಿ ಎಂದೇ ಕರೆಯುತ್ತಿದ್ದರು. ಊರಿಗೆ ನೀರು ಬಿಡುವ ಪಂಪ್‌ಹೌಸಿನಲ್ಲಿ ರಾತ್ರಿಯಿಡೀ ಕೂತು, ಟ್ಯಾಂಕಿನ ಮಟ್ಟ ತೋರಿಸುವ ಮುಳ್ಳನ್ನು ನೋಡುವುದು ಅವನ ಕೆಲಸ. ಮುಳ್ಳು ಗೆರೆ ಮುಟ್ಟಿದ ಕೂಡಲೇ ಮೋಟಾರು ನಿಲ್ಲಿಸಬೇಕು. ಅಷ್ಟೇ. ಆದರೆ ಹಗಲು ನಿದ್ದೆ ಮಾಡಿದವನಿಗೆ ಮಾತ್ರ ಅದು ‘ಅಷ್ಟೇ’. ಹಿಂದಿನ ರಾತ್ರಿ ಮುಳ್ಳು ಗೆರೆ ಮುಟ್ಟುವ ಹೊತ್ತಿಗೆ ಇವನ ಗಲ್ಲ ಎದೆ ಮುಟ್ಟಿತ್ತು. ಟ್ಯಾಂಕು ತುಂಬಿ ಉಕ್ಕಿ, ಕೆಳಗೆ ನಿಲ್ಲಿಸಿದ್ದ ಮೇಲ್ವಿಚಾರಕರ ಸ್ಕೂಟರಿಗೆ ತಲೆಯಿಂದ ಕಾಲಿನವರೆಗೆ ಸ್ನಾನವಾಯಿತು. ಅವರು ಸೀಟಿನ ಸ್ಪಂಜನ್ನು ಬಟ್ಟೆ ಹಿಂಡಿದ ಹಾಗೆ ಹಿಂಡುತ್ತ ಒಂದೇ ಮಾತು ಹೇಳಿದ್ದರು.

“ಇವತ್ತು ರಾತ್ರಿ ಬರ್ತೀನಿ. ಇನ್ನೊಂದು ಸಲ ತೂಕಡಿಸಿದ್ದು ಕಂಡ್ರೆ, ನಾಳೆಯಿಂದ ಮನೇಲೇ ಮಲಗಿಬಿಡಿ.”

ಆದ್ದರಿಂದ ಆ ಹಗಲು ನಿದ್ದೆ ಮಾಡದೆ ರಾತ್ರಿಪಾಳಿಗೆ ಗತಿಯಿರಲಿಲ್ಲ. ಬಲಕ್ಕೆ ಹೊರಳಿದ, ಎಡಕ್ಕೆ ಹೊರಳಿದ, ದಿಂಬು ತಿರುಗಿಸಿದ, ನೆಲದ ಮೇಲೆ ಮಲಗಿ ನೋಡಿದ. ಕಾದ ಕಾವಲಿಯ ಮೇಲೆ ರೊಟ್ಟಿಗೂ ಇಷ್ಟು ಮಗ್ಗುಲು ಇರುವುದಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತು, ಪಕ್ಕದ ಮನೆ ಟೀಚರಮ್ಮನನ್ನು ನೋಡಿಯಾದರೂ ಕಲಿಯಿರಿ ಎಂದಳು.

ಟೀಚರಮ್ಮ ಎಂದರೆ ಕೆಲಸದಿಂದ ನಿವೃತ್ತರಾದರೂ ಬೆತ್ತದಿಂದ ನಿವೃತ್ತರಾಗದ ಹೆಂಗಸು. ಶಾಲೆಗೆ ರಜೆ ಬಂತೆಂದರೆ ಕಟ್ಟಡದ ಮಕ್ಕಳನ್ನೆಲ್ಲ ತಮ್ಮ ಹಜಾರದಲ್ಲಿ ಕೂರಿಸಿಕೊಂಡು ಬೆಳಿಗ್ಗೆಯಿಂದ ಸಂಜೆಯವರೆಗೆ ಪಾಠ ಹೇಳುತ್ತಿದ್ದರು. ಅವರ ಮನೆಯಲ್ಲಿ ಎಸಿ ಇರಲಿಲ್ಲ. ಆದರೂ ಆ ಹಜಾರ ಬಾವಿಯ ತಳದಷ್ಟು ತಂಪು. ಕಾರಣ ಕೇಳಿದವರಿಗೆಲ್ಲ ಅವರು ಕಿಟಕಿಯ ದಪ್ಪ ಪರದೆ ತೋರಿಸಿ, ಆಮೇಲೆ ತಮ್ಮ ಹಣೆ ತೋರಿಸುತ್ತಿದ್ದರು. “ಬೆವರೋದು ಮೈಯಲ್ಲ, ಮನಸ್ಸು. ಶಿಸ್ತಿರೋ ಮನಸ್ಸಿಗೆ ಬೇಸಿಗೆ ಇಲ್ಲ.” ಕಟ್ಟಡದವರೆಲ್ಲ ಬೆವರು ಒರೆಸಿಕೊಳ್ಳುತ್ತ ತಲೆಯಾಡಿಸುತ್ತಿದ್ದರು.

ರಾತ್ರಿಪಾಳಿಗೆ ಆ ಹೊತ್ತಿನಲ್ಲಿ ಶಿಸ್ತು ಬೇಕಾಗಿರಲಿಲ್ಲ, ಗಾಳಿ ಬೇಕಾಗಿತ್ತು. ಫೋನು ಮಾಡಿ ಡಕ್ಟ್ ಮೇಸ್ತ್ರಿಯನ್ನು ಕರೆಸಿದ. ಅಂದರೆ ಎಸಿಯ ಗಾಳಿಕೊಳವೆ ರಿಪೇರಿ ಮಾಡುವವನನ್ನು. ಅವನು ಬೆಳ್ಳಿಬಣ್ಣದ ಟೇಪಿನ ಸುರುಳಿಗಳನ್ನು ಬಳೆಯ ಹಾಗೆ ಮೊಣಕೈವರೆಗೆ ಏರಿಸಿಕೊಂಡು ಬಂದ. ಅವನ ಬೆನ್ನಿಗೇ ಕಟ್ಟಡದ ಕಾರ್ಯದರ್ಶಿಯೂ ಬಂದ. ಇವನನ್ನು ಯಾರೂ ಕರೆದಿರಲಿಲ್ಲ. ಯಾರ ಮನೆಯಲ್ಲಿ ಬಿಕ್ಕಳಿಕೆ ಬಂದರೂ ನೀರಿನ ಲೋಟ ಹಿಡಿದು ಮೊದಲು ನಿಲ್ಲುವವನು ಅವನೇ, ನೀರು ಕುಡಿಯುವ ಕ್ರಮದ ಮೇಲೆ ಭಾಷಣ ಮಾಡುವವನೂ ಅವನೇ. ತನ್ನ ಎದುರಿನಲ್ಲಲ್ಲದೆ ಕಟ್ಟಡದ ಒಂದು ಛಾವಣಿ ಹಲಗೆಯನ್ನೂ ಕದಲಿಸಕೂಡದು ಎಂದು ಬಂದವನೇ ಕುರ್ಚಿ ಎಳೆದುಕೊಂಡ.

ಬಚ್ಚಲಮನೆಯ ಛಾವಣಿಯಲ್ಲೊಂದು ಕಿಂಡಿಯಿತ್ತು. ಮೇಸ್ತ್ರಿ ಏಣಿ ಹತ್ತಿ ಅದರೊಳಗೆ ತಲೆ ತೂರಿಸಿದ, ಹೆಗಲು ತೂರಿಸಿದ. ಹೊಟ್ಟೆ ಒಪ್ಪಲಿಲ್ಲ. ಅರ್ಧ ಮನುಷ್ಯ ಮೇಲೆ, ಅರ್ಧ ಮನುಷ್ಯ ಕೆಳಗೆ ಆಗಿ, ಟಾರ್ಚು ಬಿಟ್ಟು ನೋಡಿ, ಕೊಳವೆ ಗೋಡೆಯ ಹತ್ತಿರ ತಿರುಗಿ ಕಾಣದಾಗಿದೆ, ಗಾಳಿ ಸೋರುವ ಸದ್ದು ಮಾತ್ರ ಬುಸ್ಸೆಂದು ಕೇಳುತ್ತಿದೆ ಎಂದು ಮೇಲಿನಿಂದ ವರದಿ ಕೊಟ್ಟ. ಕೆಳಗಿದ್ದ ಅರ್ಧವನ್ನು ರಾತ್ರಿಪಾಳಿಯೂ ಹೆಂಡತಿಯೂ ಒಂದೊಂದು ಕಾಲು ಹಿಡಿದು ಎಳೆದು ಇಳಿಸಿದರು.

ಸೋರುವ ಜಾಗ ಹುಡುಕಲು ಹೊಗೆ ಬಿಡಬೇಕು ಎಂದು ಮೇಸ್ತ್ರಿ ಚೀಲದಿಂದ ಒಂದು ಊದಿನಕಡ್ಡಿ ತೆಗೆದ. ಕಾರ್ಯದರ್ಶಿಗೆ ಅದನ್ನು ನೋಡಿ ನಗು ಬಂತು. ಆ ಹೊಗೆಗೆ ಸೊಳ್ಳೆಯೂ ಸೀನುವುದಿಲ್ಲ ಎಂದ. ಹತ್ತೇ ನಿಮಿಷದಲ್ಲಿ ಹಳೆಯ ಎಣ್ಣೆ ಡಬ್ಬಿಯೊಂದರಲ್ಲಿ ಒದ್ದೆ ಗೋಣಿಚೀಲ ತುರುಕಿ, ಬೆಂಕಿ ಇಟ್ಟು, ಬಾಲ್ಕನಿಗೆ ಹೊತ್ತು ತಂದ. ಮೇಸ್ತ್ರಿ ಬೇಡವೆಂದ, ಹೆಂಡತಿ ಬೇಡವೆಂದಳು. ರಾತ್ರಿಪಾಳಿ ನಿದ್ದೆಗಣ್ಣಿನಲ್ಲಿ ಏನೆಂದನೋ ಅವನಿಗೇ ತಿಳಿಯಲಿಲ್ಲ. ಕಾರ್ಯದರ್ಶಿ ಡಬ್ಬಿಯನ್ನು ತಂದು ಯಂತ್ರ ಗಾಳಿ ಎಳೆದುಕೊಳ್ಳುವ ಬಾಯಿಗೇ ಹಿಡಿದ.

ಯಂತ್ರ ಅಷ್ಟೂ ಹೊಗೆಯನ್ನು ಹಸಿದವನ ಹಾಗೆ ನುಂಗಿತು. ಎಲ್ಲರೂ ಮಲಗುವ ಕೋಣೆಗೆ ಓಡಿ ತಲೆಯೆತ್ತಿ ನಿಂತರು. ಕಿಂಡಿಯಿಂದ ಒಂದು ಎಳೆ ಹೊಗೆಯೂ ಬರಲಿಲ್ಲ. ಹೊಗೆಯೇ ಕರಗಿಹೋಗಿದೆ, ಇದು ಯಂತ್ರದ್ದೇ ದೋಷ ಎಂದು ಕಾರ್ಯದರ್ಶಿ ತೀರ್ಪು ಕೊಡುತ್ತಿದ್ದ. ಅಷ್ಟರಲ್ಲಿ ಪಕ್ಕದ ಮನೆಯ ಬಾಗಿಲು ಧಡಾರನೆ ತೆರೆಯಿತು. ಚೀಲ ಹರಿದು ಕಡಲೆ ಚೆಲ್ಲಿದ ಹಾಗೆ ಮಕ್ಕಳು ಹೊರಗೆ ಚೆಲ್ಲಿದರು. ಕೊನೆಗೆ ದಟ್ಟ ಹೊಗೆಯ ನಡುವಿನಿಂದ ಬೆತ್ತ, ಆಮೇಲೆ ಕನ್ನಡಕ, ಆಮೇಲೆ ಟೀಚರಮ್ಮ ಪ್ರತ್ಯಕ್ಷರಾದರು.

ಯಾರೋ ಬೆಂಕಿಯ ಗಂಟೆ ಒತ್ತಿದರು. ಇಡೀ ಕಟ್ಟಡ ಅಂಗಳಕ್ಕೆ ಇಳಿಯಿತು. ಬನಿಯನ್ನಿನಲ್ಲಿದ್ದ ರಾತ್ರಿಪಾಳಿ ದಿಂಬು ಕಂಕುಳಲ್ಲಿಟ್ಟುಕೊಂಡೇ ಇಳಿದ. ಮನೆಯಲ್ಲಿ ಬೆಲೆಬಾಳುವ ವಸ್ತು ಎಂದು ಅವನಿಗೆ ಆಗ ತೋಚಿದ್ದು ಅದೊಂದೇ. ಮೇಲಿನ ಮಹಡಿಯ ಧೈರ್ಯಸ್ಥರೊಬ್ಬರು ಬೆಂಕಿ ಆರಿಸಲೆಂದು ಒಂದು ಬಕೆಟ್ ನೀರು ಸುರಿದರು. ಅದು ದಿಂಬಿನ ಮೇಲೆಯೇ ಬಿತ್ತು.

ಹೊಗೆ ಇಳಿದ ಮೇಲೆ ಕಾರ್ಯದರ್ಶಿಯ ಮುಂದಾಳುತನದಲ್ಲಿ ಟೀಚರಮ್ಮನ ಹಜಾರದ ತಪಾಸಣೆ ನಡೆಯಿತು. ಮೂಲೆಯ ಛಾವಣಿ ಹಲಗೆ ಸರಿಸಿದರೆ ಗುಟ್ಟು ಬಟಾಬಯಲು. ಕಟ್ಟಡ ಕಟ್ಟಿದ ಪುಣ್ಯಾತ್ಮ ರಾತ್ರಿಪಾಳಿಯ ಕೊಳವೆಯನ್ನು ಟೀಚರಮ್ಮನ ಹಜಾರದ ಮೇಲಿಂದ ಸುತ್ತಿಸಿ ಒಯ್ದಿದ್ದ. ಅಲ್ಲಿ ಎರಡು ತುಂಡು ಕೂಡುವ ಕಡೆ ಬಟ್ಟೆಯ ಟೇಪು ಒಣಗಿ, ಹಾವಿನ ಪೊರೆಯ ಹಾಗೆ ಕಳಚಿ ಬಿದ್ದಿತ್ತು. ಕೊಳವೆ ಮೊಸಳೆಯಂತೆ ಬಾಯ್ತೆರೆದು, ತಂಪನ್ನೆಲ್ಲ ಛಾವಣಿಯಲ್ಲಿ ದೀಪಕ್ಕೆಂದು ಕೊರೆದ ಕಿಂಡಿಯ ಮೂಲಕ ನೇರ ಟೀಚರಮ್ಮನ ಕುರ್ಚಿಯ ಮೇಲೆ ಸುರಿಯುತ್ತಿತ್ತು.

ನೆರೆದವರೆಲ್ಲ ಒಮ್ಮೆ ಪರದೆ ನೋಡಿದರು, ಒಮ್ಮೆ ಟೀಚರಮ್ಮನ ಹಣೆ ನೋಡಿದರು. ಇದನ್ನು ಗಾಳಿಯ ಕಳ್ಳತನ ಎನ್ನದೆ ಬೇರೇನೆನ್ನಬೇಕು ಎಂದು ಕಾರ್ಯದರ್ಶಿ ಕೇಳಿದ. ಮಕ್ಕಳನ್ನು ಕರೆದೊಯ್ಯಲು ಬಂದಿದ್ದ ತಾಯಂದಿರೂ ಬಿಡಲಿಲ್ಲ. ನಿಮ್ಮ ಗಾಳಿ ನಿಮ್ಮ ಹಕ್ಕು, ಮುಲಾಜು ನೋಡಬೇಡಿ, ಮುಚ್ಚಿಸಿಬಿಡಿ ಎಂದು ರಾತ್ರಿಪಾಳಿಯನ್ನು ಹುರಿದುಂಬಿಸಿದರು. ರಾತ್ರಿಪಾಳಿಯ ಮುಖ ಸಣ್ಣದಾಯಿತು.

“ಟೀಚರಮ್ಮ, ತಪ್ಪು ತಿಳ್ಕೋಬೇಡಿ,” ಎಂದ.

“ತಪ್ಪು ತಿಳ್ಕೊಳ್ಳೋದು ನನ್ನ ಅಭ್ಯಾಸ ಅಲ್ಲಪ್ಪ, ತಿದ್ದೋದು ನನ್ನ ಅಭ್ಯಾಸ,” ಎಂದರು ಟೀಚರಮ್ಮ. “ನಿಮ್ಮ ಗಾಳಿ ಬೇಕು ಅಂತ ನಾನೇನು ಅರ್ಜಿ ಹಾಕಿರಲಿಲ್ಲ. ಈಗಲೇ ಮುಚ್ಚಿಸಿ. ಅದಿಲ್ಲದಿದ್ರೂ ನನ್ನ ಮಕ್ಕಳು ಕಲೀತಾರೆ.”

ಮೇಸ್ತ್ರಿ ಅವರದೇ ಮೇಜಿನ ಮೇಲೆ ಏಣಿ ಇಟ್ಟು ಹತ್ತಿದ. ಎರಡು ತುಂಡನ್ನೂ ಎಳೆದು ಒಂದರೊಳಗೊಂದು ಕೂರಿಸಿ ಸ್ಕ್ರೂ ಬಿಗಿದ. ಡಬ್ಬಿಯಿಂದ ಬೂದುಬಣ್ಣದ ಲೇಪ ತೆಗೆದು ಬ್ರಶ್ಶಿನಿಂದ ಬಳಿದ. ಅದರ ಮೇಲೆ ಬೆಳ್ಳಿ ಟೇಪು ಸುತ್ತಿದ. ಕಾರ್ಯದರ್ಶಿ ಕೆಳಗೆ ಏಣಿ ಹಿಡಿದು, ತಲೆಯೆತ್ತಿ, ಎಡಕ್ಕೆ ಬಳಿ, ಬಲಕ್ಕೆ ಬಳಿ ಎಂದು ಹೇಳುತ್ತಲೇ ಇದ್ದ. ಬ್ರಶ್ಶಿನಿಂದ ಒಂದು ಮುದ್ದೆ ಲೇಪ ಜಾರಿ ಅವನ ಬೋಳು ತಲೆಯ ನಟ್ಟನಡುವೆ ಕೂತಿತು. ಉಜ್ಜಿದಷ್ಟೂ ಅದು ಹರಡಿತು. ಒಣಗಿದ ಮೇಲೆ ಇದನ್ನು ಉಳಿಯಿಂದಲೇ ಕೀಳಬೇಕು, ಅಂಥ ಮಾಲು ಎಂದು ಮೇಸ್ತ್ರಿ ಮೇಲಿನಿಂದ ಹೆಮ್ಮೆಯಿಂದ ಹೇಳಿದ.

ಊಟದ ಹೊತ್ತು ದಾಟಿತ್ತು. ಯಂತ್ರ ಹಾಕಿದರು. ಕೆಂಪು ದಾರ ಒಮ್ಮೆ ನಡುಗಿ, ಗಾಳಿಪಟದ ಬಾಲದ ಹಾಗೆ ಹಾರಿ ನಿಂತಿತು. ರಾತ್ರಿಪಾಳಿ ಮೇಸ್ತ್ರಿಯನ್ನು ಕಳಿಸಿ, ಹೆಂಡತಿಯ ದಿಂಬು ತಲೆಗಿಟ್ಟುಕೊಂಡು, ಕಾಲು ಚಾಚಿದ. ತಂಪು ಅಂಗಾಲಿನಿಂದ ಮೊಣಕಾಲಿಗೆ, ಮೊಣಕಾಲಿನಿಂದ ಹೊಟ್ಟೆಗೆ ಹತ್ತುತ್ತ ಬಂತು. ಸಂಜೆಯವರೆಗೆ ಒಂದು ನಿದ್ದೆ ತೆಗೆದರೆ, ಮೇಲ್ವಿಚಾರಕರು ರಾತ್ರಿಯೆಲ್ಲ ಎದುರಿಗೇ ಕೂತರೂ ರೆಪ್ಪೆ ಮಿಟುಕಿಸುವವನಲ್ಲ ತಾನು ಎಂದುಕೊಂಡ.

ಪಕ್ಕದ ಮನೆಯಲ್ಲಿ ಮಧ್ಯಾಹ್ನದ ಪಾಠ ಶುರುವಾಯಿತು. ಟೀಚರಮ್ಮನ ಶಿಸ್ತು ಒಂದು ಪುಟದವರೆಗೆ ಬಾಳಿತು. ಎರಡನೇ ಪುಟದಲ್ಲಿ ಮಕ್ಕಳು ಬಾಡಿದ ಸೊಪ್ಪಿನ ಹಾಗೆ ಒಬ್ಬರ ಮೇಲೊಬ್ಬರು ವಾಲಿದರು. ಮೂರನೇ ಪುಟಕ್ಕೆ ಟೀಚರಮ್ಮನ ಮನಸ್ಸೇ ನೆತ್ತಿಯಿಂದ ಹಿಮ್ಮಡಿಯವರೆಗೆ ಬೆವರತೊಡಗಿತು. ಅವರು ಪುಸ್ತಕ ಮುಚ್ಚಿದರು. ಇವತ್ತಿಗಷ್ಟೇ ಅಲ್ಲ, ರಜೆ ಮುಗಿಯುವವರೆಗೂ ಪಾಠವಿಲ್ಲ ಎಂದು ಹೇಳಿ ಬಾಗಿಲು ತೆರೆದರು.

ದಿನವೂ ಬೆಳಗಿನಿಂದ ಸಂಜೆಯವರೆಗೆ ಬಿಗಿದಿಡುತ್ತಿದ್ದ ಅಷ್ಟೂ ಮಕ್ಕಳು ಒಂದೇ ಸಲಕ್ಕೆ ಕಟ್ಟಡದ ಮೇಲೆ ಬಿದ್ದರು. ಲಿಫ್ಟು ಖಾಲಿ ಇಳಿಯಿತು, ಖಾಲಿ ಹತ್ತಿತು. ಎಲ್ಲ ಮನೆಯ ಕರೆಗಂಟೆ ಮೊಳಗಿತು, ಬಾಗಿಲು ತೆರೆದರೆ ಯಾರೂ ಇಲ್ಲ. ಮೆಟ್ಟಿಲ ಕಂಬಿಯ ಮೇಲೆ ಜಾರುವವರ ಸಾಲು ನಿಂತಿತು. ಮಧ್ಯಾಹ್ನ ಒಂದಿಷ್ಟು ಕಣ್ಣು ಮುಚ್ಚುತ್ತಿದ್ದ ತಾಯಂದಿರ ಕಣ್ಣು ಕೆಂಪಾಯಿತು. ಗಾಳಿ ನಿಮ್ಮ ಹಕ್ಕು ಎಂದಿದ್ದವರೇ ಸೆರಗು ಸಿಕ್ಕಿಸಿಕೊಂಡು ರಾತ್ರಿಪಾಳಿಯ ಬಾಗಿಲಿಗೆ ಬಂದರು. ಮುಂದುಗಡೆ, ತಲೆಗೆ ಟವೆಲು ಸುತ್ತಿಕೊಂಡ ಕಾರ್ಯದರ್ಶಿ.

ಒಳಗೆ ರಾತ್ರಿಪಾಳಿಗೆ ಆಗಷ್ಟೇ ಮಂಪರು ಹತ್ತಿತ್ತು. ಬಾಗಿಲಿನ ಬಳಿಯ ಮಾತು ನೀರಿನಡಿಯಿಂದ ಕೇಳಿದ ಹಾಗೆ ಕೇಳಿಸಿತು. ಆ ತೂತು ಮತ್ತೆ ತೆಗೆಸಿ ಎಂದು ಅವರು, ಆಗದು ಎಂದು ಹೆಂಡತಿ.

“ಆ ಲೇಪ ಇನ್ನು ಬಿಡಲ್ಲ ಕಣ್ರೀ,” ಎನ್ನುತ್ತಿದ್ದಳು ಅವಳು. “ಬೇಕಾದ್ರೆ ಕಾರ್ಯದರ್ಶಿಗಳ ಟವೆಲು ಬಿಚ್ಚಿ ನೋಡಿ.”

ಭಲೇ ಎಂದುಕೊಂಡ ರಾತ್ರಿಪಾಳಿ. ಮನೆಯಲ್ಲಿ ಹುಲಿಯಂಥ ಹೆಂಡತಿ ಇರುವಾಗ ಗಂಡನಾದವನು ಏಕೆ ಎಚ್ಚರವಿರಬೇಕು? ಮಾತು ತಗ್ಗಿತು, ಪಿಸುಪಿಸುವಾಯಿತು, ನಿಂತೇಹೋಯಿತು. ಗೆದ್ದಳು ಎಂದುಕೊಂಡು ಅವನು ನಿದ್ದೆಗೆ ಜಾರಿದ.

ಎಷ್ಟು ಹೊತ್ತಾಗಿತ್ತೋ. ಕಾಲ ಬಳಿ ಯಾರೋ ಸೀನಿದರು. ತಲೆಯ ಬಳಿ ಯಾರೋ ಮೂಗು ಎಳೆದರು. ರಾತ್ರಿಪಾಳಿ ಒಂದು ಕಣ್ಣು ತೆರೆದ. ಮಂಚದ ಎಡಕ್ಕೆ ಮಕ್ಕಳು, ಬಲಕ್ಕೆ ಮಕ್ಕಳು, ಕಿಟಕಿಯ ಕಟ್ಟೆಯ ಮೇಲೆ ಮಕ್ಕಳು. ಕಾಲ್ದೆಸೆಯಲ್ಲಿ ಕುರ್ಚಿ ಹಾಕಿಕೊಂಡು ಟೀಚರಮ್ಮ. ಬಾಗಿಲ ಸಂದಿಯಲ್ಲಿ ಹೆಂಡತಿ.

“ನೀವು ಮಲ್ಕೊಳ್ಳಿ,” ಎಂದು ಅವಳು ಪಿಸುಗುಟ್ಟಿದಳು. “ನಮ್ಮನೇಲಿ ತಂಪಿರೋದು ಇದೊಂದೇ ರೂಮಲ್ವಾ? ಸದ್ದು ಮಾಡಿಸಲ್ಲ ಅಂತ ಟೀಚರಮ್ಮ ಮಾತು ಕೊಟ್ಟಿದಾರೆ. ಪಾಪ, ಅವರೆಲ್ಲ ಅಷ್ಟು ಕೇಳ್ಕೊಂಡ್ರು. ಇದರ ಪುಣ್ಯವೆಲ್ಲ ನಮ್ಮನೆಗೇ ಅಂದ್ರು.”

ಟೀಚರಮ್ಮ ಮಾತಿಗೆ ತಪ್ಪುವವರಲ್ಲ. ಮಗ್ಗಿಯನ್ನು ಪಿಸುಮಾತಿನಲ್ಲೇ ಹೇಳಿಸಿದರು. ಒಂದು ಕೋಣೆ ತುಂಬ ಮಕ್ಕಳು ಪಿಸುಮಾತಿನಲ್ಲಿ ಮಗ್ಗಿ ಹೇಳಿದರೆ ಜೇನುಹುಟ್ಟಿನೊಳಗೆ ತಲೆ ಇಟ್ಟು ಮಲಗಿದ ಹಾಗಿರುತ್ತದೆ. ರಾತ್ರಿಪಾಳಿ ಹಟ ಬಿಡಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿದ, ಹಲ್ಲು ಕಚ್ಚಿದ, ಗೊರಕೆಯನ್ನೂ ಹೊಡೆದು ನೋಡಿದ. ಸೂರ್ಯ ಇನ್ನೂ ಇದ್ದಾನೆ, ಒಂದು ಗಂಟೆ ಸಿಕ್ಕರೂ ಸಾಕು, ರಾತ್ರಿ ಬಚಾವು.

ಹದಿನೇಳರ ಮಗ್ಗಿಗೆ ಎರಡು ಜಡೆಯ ಹುಡುಗಿಯೊಬ್ಬಳನ್ನು ಎಬ್ಬಿಸಿದರು. ಅವಳು ಹದಿನೇಳೊಂದ್ಲ ಹದಿನೇಳರಿಂದ ಸರಾಗವಾಗಿ ಇಳಿದು ಬಂದಳು. ಹದಿನೇಳೇಳ್ಲ ನೂರಾಹತ್ತೊಂಬತ್ತು ಎಂದಳು. ಹದಿನೇಳೆಂಟ್ಲ ಎಂದಳು. ನಿಂತಳು.

ರಾತ್ರಿಪಾಳಿ ಕಾದ. ಹುಡುಗಿ ಮತ್ತೊಮ್ಮೆ ಹದಿನೇಳೆಂಟ್ಲ ಎಂದಳು, ಮತ್ತೆ ನಿಂತಳು. ಗದ್ದಲದಲ್ಲಿ ಹೇಗಾದರೂ ನಿದ್ದೆ ಬಂದೀತು, ಅರ್ಧಕ್ಕೆ ನಿಂತ ಮಗ್ಗಿಯ ಮುಂದೆ ಯಾರಿಗೆ ಬರುತ್ತದೆ? ಅವನ ಬೆರಳು ಹೊದಿಕೆಯೊಳಗೆ ಲೆಕ್ಕ ಹಾಕಿತು. ತುಟಿ ತುರಿಸಿತು. ಹುಡುಗಿ ಮೂರನೇ ಸಲ ಹದಿನೇಳೆಂಟ್ಲ ಎಂದಾಗ ನಾಲಿಗೆ ಅವನ ಮಾತು ಕೇಳಲಿಲ್ಲ.

“ನೂರಾಮೂವತ್ತಾರು,” ಎಂದುಬಿಟ್ಟ.

ಟೀಚರಮ್ಮ ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. ಅವನು ಕಣ್ಣು ಮುಚ್ಚಿಕೊಂಡು ಇನ್ನೊಂದು ಗೊರಕೆ ಹೊಡೆದ. ಉಪಯೋಗವಾಗಲಿಲ್ಲ. ಬೆತ್ತದ ತುದಿ ಹೊದಿಕೆಯ ಮೇಲಿನಿಂದ ಅವನ ಹೆಬ್ಬೆರಳನ್ನು ಎರಡು ಸಲ ತಟ್ಟಿತು.

“ಎಚ್ಚರವಾಗೇ ಇದೀರಲ್ಲ. ಏಳಿ, ಎದ್ದು ಕೂತ್ಕೊಳ್ಳಿ. ಕಿಟಕಿ ಕಡೆ ಮಕ್ಕಳಿಗೆ ಹದಿನೆಂಟರಿಂದ ನೀವೇ ಹೇಳಿಸಿ,” ಎಂದು ಟೀಚರಮ್ಮ ಸೀಮೆಸುಣ್ಣ ಅವನ ಕೈಗಿಟ್ಟರು. “ನಿಮಗೆ ಕೆಲಸ ಇರೋದು ರಾತ್ರಿಗೆ ತಾನೇ, ಹಗಲೆಲ್ಲ ಖಾಲಿ.”