ಪಾರ್ಚ್‌ಮೆಂಟಿಗೆ ಹತ್ತಿದ ಇರುವೆ

ಕದ್ದು ಕುಡಿಯುವವರಲ್ಲೂ ಅಂತಸ್ತು ಎನ್ನುವುದಿದೆ. ಹೆಂಡ ಕದ್ದು ಕುಡಿದು ಸಿಕ್ಕಿಬಿದ್ದವನ ಬಗ್ಗೆ ಊರು ನಾಲ್ಕು ದಿನವಾದರೂ ಮಾತಾಡುತ್ತದೆ. ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ಐವತ್ಮೂರು ವರ್ಷದ ರೈಟರೊಬ್ಬ, ಮಕ್ಕಳು ಹಟ ಮಾಡಿ ಕೊಡಿಸಿಕೊಳ್ಳುವ ಕಿತ್ತಳೆ ಬಣ್ಣದ ಬಾಟಲಿ ಪಾನೀಯ ಕದ್ದು ಕುಡಿದು ಸಿಕ್ಕಿಬಿದ್ದರೆ ಅವನಿಗೆ ಆ ಮರ್ಯಾದೆಯೂ ಇಲ್ಲ. ಆ ಮರ್ಯಾದೆಗೆಟ್ಟವನು ನಾನೇ. ಬರೆಯಲೂ ನಾಚಿಕೆಯಾಗುತ್ತಿದೆ.

ಕಳೆದ ಮಳೆಗಾಲದಲ್ಲಿ ಮೂಡಿಗೆರೆಯ ಡಾಕ್ಟರು ನನ್ನ ರಕ್ತದ ರಿಪೋರ್ಟು ನೋಡಿ, "ಸಕ್ಕರೆ ಬೇಲಿ ಹತ್ರ ಬಂದು ನಿಂತಿದೆ ರೈಟ್ರೇ, ಇನ್ನೊಂದು ಹೆಜ್ಜೆ ಇಟ್ರೆ ಒಳಗೇ. ಸಿಹಿ ಬಿಡಿ" ಎಂದರು. ನನಗೆ ನಿಜವಾಗಿ ಹೆದರಿಕೆಯಾಯಿತು. ನಮ್ಮಪ್ಪ ಇದೇ ಕಾಯಿಲೆಯಲ್ಲಿ ಕಾಲಿನ ಎರಡು ಬೆರಳು ಕಳೆದುಕೊಂಡವರು. ಅವತ್ತೇ ಕಾಫಿಗೆ ಸಕ್ಕರೆ ಬಿಟ್ಟೆ. ಬಿಟ್ಟ ಸುದ್ದಿಯನ್ನು ಅಕ್ಕಪಕ್ಕದ ಮೂರು ಎಸ್ಟೇಟಿಗೂ ಮುಟ್ಟಿಸಿದೆ. ಯಾರ ಮನೆಗೆ ಹೋದರೂ ಸಕ್ಕರೆಯಿಲ್ಲದ ಕಾಫಿ ಕೇಳಿ, ಸಕ್ಕರೆ ಹಾಕಿಕೊಂಡವರಿಗೆ ಬುದ್ಧಿ ಹೇಳಿ ಬರುತ್ತಿದ್ದೆ. ನನ್ನ ಹೆಂಡತಿ ಶಶಿಕಲಾ ಲೋಟದ ತಳದಲ್ಲಿ ಕರಗದೆ ಉಳಿದ ಸಕ್ಕರೆಯನ್ನು ಬೆರಳಲ್ಲಿ ತೆಗೆದು ನೆಕ್ಕುವ ಜಾತಿಯವಳು. ಅವಳೂ "ನೀವೊಬ್ರೇ ಯಾಕೆ ಕಹಿ ಕುಡೀಬೇಕು, ನಾನೂ ಬಿಡ್ತೀನಿ" ಎಂದಳು. ಮೊದಮೊದಲು ಕಣ್ಣು ಮುಚ್ಚಿಕೊಂಡು ಕಷಾಯದ ಹಾಗೆ ಕುಡಿಯುತ್ತಿದ್ದಳು ಪಾಪ.

ಡಾಕ್ಟರು ಸಿಹಿ ಎಂದದ್ದು ಮೈಸೂರು ಪಾಕಿಗೆ, ಬಾಟಲಿಯಲ್ಲಿರುವುದು ಏನಿದ್ದರೂ ನೀರಿನ ಜಾತಿ ಎಂದು ನಾನು ನನಗೇ ಸಮಾಧಾನ ಹೇಳಿಕೊಂಡಿದ್ದೆ. ದಿನಾ ಸಂಜೆ ಆಳುಗಳು ಕೊಯ್ದ ಕಾಫಿ ಹಣ್ಣಿನ ತೂಕ ಮುಗಿಸಿದ ಮೇಲೆ ಒಂದು ಬಾಟಲಿ. ಬಚ್ಚಿಡಲು ಸಿಕ್ಕಿದ ಜಾಗ ಪಾರ್ಚ್‌ಮೆಂಟ್ ಗೋಡೌನು. ಅಲ್ಲಿ ತಂಪು, ಬೀಗದ ಕೈ ನನ್ನ ಸೊಂಟದಲ್ಲಿ. ಆದರೆ ಹಣ್ಣಿನ ಸಿಪ್ಪೆ ತೆಗೆದು, ಬೀಜ ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಪಕ್ಕದಲ್ಲಿಟ್ಟ ಯಾವ ವಾಸನೆಯನ್ನಾದರೂ ಎಳೆದುಕೊಂಡುಬಿಡುತ್ತದೆ. ಅದಕ್ಕೇ "ತಿನ್ನುವ, ಕುಡಿಯುವ ಪದಾರ್ಥ ಒಳಗೆ ತರಕೂಡದು" ಎಂದು ಬಾಗಿಲಿಗೆ ಬೋರ್ಡು ಬರೆದು ಹಾಕಿದವನೂ ನಾನೇ. ಕಣದಲ್ಲಿ ಕಾಫಿ ಒಣಗಿಸುವ ಗಿರಿಜಮ್ಮನ ಎಲೆಯಡಿಕೆ ಚೀಲವನ್ನು ಎಲ್ಲರೆದುರು ಹೊರಗಿಡಿಸಿದ್ದೆ.

ಆ ಗಿರಿಜಮ್ಮನೇ ಮೊನ್ನೆ ಮಧ್ಯಾಹ್ನ, ನನ್ನಿಂದ ಬೀಗ ತೆಗೆಸಿಕೊಂಡು ಮೂಟೆ ಇಡಲು ಹೋದವಳು, ಗೋಡೌನಿನಿಂದ ಕೂಗಿದಳು: "ರೈಟ್ರೇ, ಪಾರ್ಚ್‌ಮೆಂಟಿಗೆ ಯಾವತ್ತಾದ್ರೂ ಇರುವೆ ಹತ್ತಿದ್ದು ಕಂಡಿದ್ರಾ?" ಊಟದ ಡಬ್ಬಿ ತಂದಿದ್ದ ಶಶಿಕಲಾಳೂ ನನ್ನ ಹಿಂದೆಯೇ ಬಂದಳು. ಬಾಗಿಲ ಸಂದಿಯಿಂದ ಮೂಟೆಗಳ ಹಿಂದಿನವರೆಗೆ ಇರುವೆಯ ಸಾಲು. ಮೂಟೆ ಸರಿಸಿದರೆ ಎಂಟು ಬಾಟಲಿ. ಒಂದರ ಮುಚ್ಚಳ ಸಡಿಲಾಗಿ, ಸೋರಿದ್ದೆಲ್ಲ ಗೋಣಿಗೆ ಇಳಿದಿತ್ತು.

"ಲಾರಿ ಡ್ರೈವರ್ ಇಟ್ಟಿರ್ಬೇಕು" ಎಂದೆ.

"ಈ ಸಲ ಲಾರಿ ಇನ್ನೂ ಬಂದೇ ಇಲ್ವಲ್ಲ ರೈಟ್ರೇ" ಎಂದಳು ಗಿರಿಜಮ್ಮ. ಅವಳು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಶಶಿಕಲಾ ಮುಚ್ಚಳ ತೆಗೆಯದ ಬಾಟಲಿಯೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಹೋದಳು. ಸಂಜೆ ನನ್ನ ಮುಂದೆ ಸಕ್ಕರೆ ಡಬ್ಬಿ, ಚಮಚ, ತಕ್ಕಡಿ ತಂದಿಟ್ಟಳು. "ತೂಕ ಮಾಡೋದು ನಿಮ್ಮ ಕಸುಬು ತಾನೆ? ಬಾಟ್ಲಿ ಮೇಲೆ ಎಷ್ಟು ಸಕ್ಕರೆ ಅಂತ ಬರ್ದಿದೆಯೋ ಅಷ್ಟು ಹಾಕಿ." ಹಾಕಿದೆ. ಆರು ಚಮಚಕ್ಕೆ ಮುಗಿಯಬಹುದು ಎಂದುಕೊಂಡಿದ್ದೆ. ಹನ್ನೆರಡು ಚಮಚವಾದಾಗ ಮುಳ್ಳು ನಿಂತಿತು.

"ನಾನು ಬಿಟ್ಟಿದ್ದು ಬೆಳಿಗ್ಗೆ ಎರಡು ಚಮಚ, ಸಂಜೆ ಎರಡು" ಎಂದಳು. "ನಿಮ್ಮಪ್ಪನ ಕಾಲು ತೊಳೆದು ಬಟ್ಟೆ ಕಟ್ತಿದ್ದೋಳು ನಾನು. ನಿಮ್ಮದನ್ನೂ ಕಟ್ಟೋಕೆ ನನ್ನಿಂದಾಗಲ್ಲ ರೀ."

ಮರುದಿನ ಬೆಳಿಗ್ಗೆ ನಾನೇ ಎದ್ದು ಕಾಫಿ ಮಾಡಿದೆ. ಪ್ರಾಯಶ್ಚಿತ್ತವೆಂದು ಅವಳ ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕಿ ಕೊಟ್ಟೆ. ಒಂದು ಗುಟುಕು ಕುಡಿದು ಮುಖ ಹಿಂಡಿದಳು. "ಅಯ್ಯೋ, ಇಷ್ಟು ಸಿಹಿ ಹೆಂಗೆ ಕುಡೀತಿದ್ನೋ! ಈಗ ಸೇರೋದೇ ಇಲ್ಲ" ಎಂದು ಲೋಟ ಪಕ್ಕಕ್ಕಿಟ್ಟಳು. ನನಗಾಗಿ ಅವಳ ನಾಲಿಗೆಯೇ ಬದಲಾಗಿತ್ತು. ಅದನ್ನು ಯೋಚಿಸಿ ಕಣ್ಣು ತುಂಬಿಕೊಂಡು ಕೂತವನಿಗೆ, ಕೈ ಯಾವಾಗ ಆ ಲೋಟದ ಕಡೆ ಹೋಯಿತೋ ಗೊತ್ತಾಗಲಿಲ್ಲ.

"ಇಡಿ ಕೆಳಗೆ" ಎಂದಳು. "ಇರುವೆಗೆ ಹಾಕ್ತೀನಿ."

ಹಾಕಲಿ. ಅವಾದರೂ ಹಾಡಹಗಲೇ, ಎಲ್ಲರೆದುರು ಸಾಲಾಗಿ ಬಂದು ಕುಡಿಯುತ್ತವೆ.