ಅಣಬೆ ಮೇಷ್ಟ್ರ ಪರದಾಟ

ಮಳೆ ಬಿದ್ದು ಗುಡುಗಿತೆಂದರೆ ನನ್ನ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಎಂಬತ್ತರ ದಶಕದ ಮೊದಲಲ್ಲಿ ತುರುವೇಕೆರೆ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಬಿಡುವು ಸಿಕ್ಕರೆ ಸೈಕಲ್ಲು, ಭೂತಗನ್ನಡಿ, ನೋಟ್‌ಬುಕ್ಕು ಹಿಡಿದು ಕಾಡಣಬೆ ಹುಡುಕಾಟ. ಸುಮ್ಮನೆ ಕೂರಲಾರದವನನ್ನು ಇಂಥ ಫಜೀತಿಗಳೇ ಹುಡುಕಿಕೊಂಡು ಬರುತ್ತವೆ.

ಹುತ್ತದ ಬುಡ

ಒಂದು ತೆಂಗಿನ ತೋಟದಲ್ಲಿ ಹುತ್ತದ ಮೇಲೆ ಎದ್ದಿದ್ದ ಅಣಬೆಗಳನ್ನು ಮಂಡಿಯೂರಿ ಅಳೆಯುತ್ತಿದ್ದೆ. ತೋಟದ ಯಜಮಾನರು ಹಿಂದೆ ಬಂದು ನಿಂತರು.

"ಏನ್ ಮೇಷ್ಟ್ರೇ, ಅಳತೆ?"

"ಅಣಬೆ ಕಣ್ರೀ. ಇದರ ಮೂಲ ಕೆಳಗೆ ಆಳದಲ್ಲಿರುತ್ತೆ."

ಅವರು ಮುಗುಳ್ನಕ್ಕರು. ಉಳಿದ ಅಳತೆ ಮುಗಿಸಲು ಮರುದಿನ ಮತ್ತೆ ಹೋದರೆ ಅಣಬೆಯೂ ಇಲ್ಲ, ಹುತ್ತವೂ ಇಲ್ಲ. ದೊಡ್ಡ ಗುಂಡಿ. ಅದರೊಳಗಿಂದ ಯಜಮಾನರ ತಲೆ ಮಾತ್ರ ಕಂಡಿತು.

"ಸುಳ್ಳು ಹೇಳ್ಬ್ಯಾಡಿ ಮೇಷ್ಟ್ರೇ. ನಿಧಿ ಇನ್ನೆಷ್ಟು ಅಡಿ ಕೆಳಗೈತೆ?"

ಕೆಂಪು ಚಕ್ರ

ಅಣಬೆಯ ಕೊಡೆಯನ್ನು ಬಿಳಿ ಹಾಳೆಯ ಮೇಲಿಟ್ಟು ಬಟ್ಟಲು ಮುಚ್ಚಿದರೆ ಸಣ್ಣ ಪುಡಿ ಉದುರಿ ಚಕ್ರದಂತೆ ಗೆರೆ ಮೂಡುತ್ತದೆ. ಆ ಪುಡಿಯ ಬಣ್ಣ ನೋಡಿ ಜಾತಿ ಗುರುತಿಸಬೇಕು. ಗಾಳಿಯಾಡದ ಜಾಗ ಎಂದು ದೇವರ ಗೂಡಿನ ಪಕ್ಕ ಇಟ್ಟೆ. ಮರುದಿನ ನೋಡುತ್ತೇನೆ, ಕಡುಗೆಂಪು! ಯಾವ ಪುಸ್ತಕದಲ್ಲೂ ಇಲ್ಲದ ಬಣ್ಣ. ಹೊಸ ಜಾತಿಯೇ ಸಿಕ್ಕಿತೆಂದು ಮೂರು ದಿನ ಮನೆ ತುಂಬ ಓಡಾಡಿದೆ. ನಾಲ್ಕನೇ ದಿನ ಬೆಂಗಳೂರಿನ ಪ್ರೊಫೆಸರೊಬ್ಬರಿಗೆ ಕಾಗದ ಹಾಕಿ ಬಂದು ಅಮ್ಮನಿಗೆ ಹೇಳಿದೆ.

"ಬಟ್ಟಲೆತ್ತಿದ್ರೆ ಚಕ್ರ ಮೂಡಿತ್ತು ಕಣಪ್ಪ, ದೇವರೇ ಬಂದಂಗಾಯ್ತು. ಕುಂಕುಮ ಹಾಕಿದೋಳು ನಾನು. ಅದನ್ನೂ ಬರೆದೆ ತಾನೆ?"

ಉಪ್ಪುನೀರು

ಮಾಯಸಂದ್ರದಿಂದ ಬರುತ್ತಿದ್ದ ನಮ್ಮ ಡ್ರಿಲ್ ಮೇಷ್ಟ್ರು ಒಂದು ಶನಿವಾರ ಚೀಲದ ತುಂಬ ಅಣಬೆ ತೋರಿಸಿ, "ತಿನ್ಬೋದೇನ್ರೀ?" ಎಂದರು. "ಧಾರಾಳವಾಗಿ" ಎಂದುಬಿಟ್ಟೆ. ಮನೆಗೆ ಬಂದ ಮೇಲೆ ನೆನಪಾಯಿತು. ಕಾಂಡದ ಬುಡವನ್ನು ನೋಡಿರಲೇ ಇಲ್ಲ! ಬುಡದಲ್ಲಿ ಬಟ್ಟಲಿನಂಥ ಚೀಲವಿದ್ದರೆ ಪ್ರಾಣಕ್ಕೇ ಸಂಚಕಾರ.

ಮಾಯಸಂದ್ರಕ್ಕೆ ಸೈಕಲ್ ತುಳಿದೆ. ಹೋಗಿ ನೋಡಿದರೆ ಡ್ರಿಲ್ ಮೇಷ್ಟ್ರು ಜಗಲಿಯ ಮೇಲೆ ಅಂಗಾತ ಬಿದ್ದಿದ್ದಾರೆ, ಬಾಯಿ ತೆರೆದಿದೆ. "ವಿಷ! ಉಪ್ಪುನೀರು ತನ್ನಿ!" ಎಂದು ಕೂಗಿದೆ. ಅಕ್ಕಪಕ್ಕದವರು ಓಡಿಬಂದು ಕೈಕಾಲು ಹಿಡಿದುಕೊಂಡರು. ಕಣ್ಣುಬಿಟ್ಟ ಅವರು ಏನೋ ಹೇಳಲು ಬಾಯಿ ತೆರೆದಾಗಲೆಲ್ಲ ನಾನು ಚೊಂಬು ಬಗ್ಗಿಸಿದೆ. ಮೂರನೇ ಚೊಂಬಿಗೆ ಎಲ್ಲ ಹೊರಗೆ ಬಂತು. ನನ್ನ ಜೀವವೂ ಬಂತು.

ಅಷ್ಟರಲ್ಲಿ ಅವರ ಹೆಂಡತಿ ಸೌಟು ಹಿಡಿದು ಅಡುಗೆಮನೆಯಿಂದ ಬಂದರು.

"ಅಣಬೆ ಇನ್ನೂ ಒಲೆ ಮೇಲೈತೆ ಕಣ್ರೀ! ನೀವೀಗ ಕಕ್ಕಿಸಿದ್ದು ನಾನು ಮಾಡಿದ ಒಬ್ಬಟ್ಟು!"